ಐದನೆಯ ಬದಾಮ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಇನ್ನಾರದೋ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ನಾಲ್ಕು ಬದಾಮ್ ಎಲೆ ಕಂಡ ಕೂಡಲೇ ಐದನೆಯದು ನನ್ನ ಹೆಸರಿಗೇ ರಿಜಿಸ್ಟರ್ ಆಗಿದೆ ಎಂದು ನಂಬಿ, ಮೂವರು ಹಿರಿಯರ ಎದುರು ಎಲ್ಲರಿಗಿಂತ ಮೊದಲು ಬಾಯಿ ತೆರೆದು, ನನ್ನ ಮುಂದಿದ್ದ ಹುಣಸೆ ಬೀಜದ ರಾಶಿಯನ್ನೆಲ್ಲ ನಡುವಿಗೆ ತಳ್ಳಿದ ಮೂರ್ಖ ನಾನೇ. ತಳ್ಳುವಾಗ ಮೀಸೆಯನ್ನೂ ತಿರುವಿದ್ದೆ. ತಿರುವಲು ಅಲ್ಲಿ ಹೆಚ್ಚೇನೂ ಇರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಪೊಲೀಸರ ದಯೆಯಿಂದ. ಚಿತ್ತಾಪುರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಮದುವೆ, ಬೀಳ್ಕೊಡುಗೆ, ಶಾಲೆಯ ಗ್ಯಾದರಿಂಗ್ ಇದ್ದಲ್ಲಿ ಮಿಮಿಕ್ರಿ ಮಾಡುತ್ತೇನೆ. ಅಂಗಡಿಯಲ್ಲಿ ಜನರ ಫೋನಿಗೆ ದನಿ ಬರಿಸುವುದು, ಮಂಟಪದಲ್ಲಿ ಜನರ ದನಿಯನ್ನೇ ಕದಿಯುವುದು, ಹೀಗೆ ಎರಡು ಉದ್ಯೋಗ. ಮೊನ್ನೆ ಅಂಗಡಿಗೆ ಹೊರಟವನನ್ನು ಪೊಲೀಸರು ನಿಲ್ಲಿಸಿ ಸ್ಕೂಟರಿನ ಇನ್ಸೂರೆನ್ಸ್ ಕೇಳಿದರು. ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಕೈಯಾಡಿಸಿದೆ. ಎಣ್ಣೆ ಮೆತ್ತಿದ ಬಟ್ಟೆ, ಒಂದು ಸ್ಕ್ರೂಡ್ರೈವರ್, ಯಾರದೋ ಮದುವೆಯ ಕಾರ್ಡು, ಅದರ ಬೆನ್ನಿಗೆ ಅಂಟಿಕೊಂಡ ಒಂದು ಇಸ್ಪೀಟ್ ಎಲೆ. ಬದಾಮ್ ಎಕ್ಕ. ಕೆಂಪು ಹೃದಯದ ಗುರುತಿಗೆ ನಮ್ಮ ಮನೆಯಲ್ಲಿ ಬದಾಮ್ ಎನ್ನುತ್ತೇವೆ.

"ಏನ್ರಿ ಇದು, ಲೈಸೆನ್ಸಾ?" ಅಂದರು ಪೊಲೀಸಪ್ಪ.

"ಇಲ್ರಿ ಸರ್, ಸರ್ಟಿಫಿಕೇಟ್."

"ಯಾತರ ಸರ್ಟಿಫಿಕೇಟ್?"

"ನಾ ಶ್ಯಾಣ್ಯಾ ಅಲ್ಲ, ದಡ್ಡ ಅಂತ ಮನಿಮಂದಿ ಕೊಟ್ಟಿದ್ದ ಅದ ರಿ."

ಅವರು ನಕ್ಕರು. ನಕ್ಕರೂ ಕಾಗದ ನೋಡದೆ ಬಿಡಲಿಲ್ಲ. ನಾನು ಮಾತ್ರ ಆ ಎಕ್ಕವನ್ನು ಜೇಬಿಗಿಟ್ಟುಕೊಂಡು ಅಂಗಡಿಯ ಬಾಗಿಲು ತೆರೆದವನು, ಮಧ್ಯಾಹ್ನದವರೆಗೂ ಒಂದು ಫೋನನ್ನೂ ಬಿಚ್ಚಲಿಲ್ಲ.

ಈ ಎಕ್ಕದ ಕಥೆಗೆ ಮೊದಲು ನನ್ನ ಮಾಮಾನ ಗಂಟಲಿನ ಕಥೆ ಹೇಳಬೇಕು. ಮಾಮಾ ಅಂದರೆ ನನ್ನ ಅವ್ವನ ತಮ್ಮ. ವಾಡಿ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿ ಮಾಡಿಕೊಳ್ಳುವರು. ಆಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ "ದಯವಿಟ್ಟು ಗಮನಿಸಿ." ಮೂವತ್ತು ವರ್ಷದ ರೂಢಿ ಮನೆಗೂ ಬಂದಿತ್ತು. ಊಟಕ್ಕೆ ಕೂತಾಗ ಎರಡು ಕೆಮ್ಮು, ಒಂದು ಮೌನ, "ದಯವಿಟ್ಟು ಗಮನಿಸಿ, ಸಾರಿನಾಗ ಉಪ್ಪಿಲ್ಲ." ಅತ್ತಿ, ಅಂದರೆ ಮಾಮಾನ ಹೆಂಡತಿ, ಅಡಿಗೆಮನೆಯಿಂದಲೇ, "ಮುಂದಿನ ಗಾಡಿಗೆ ಬರ್ತದ, ಸುಮ್ನ ಉಣ್ರಿ," ಅನ್ನುವಳು.

ಬೇಸಿಗೆಯ ರಜೆಯೆಲ್ಲ ನಾನು ಮಾಮಾನ ಮನೆಯಲ್ಲೇ ಬಿದ್ದಿರುತ್ತಿದ್ದೆ. 'ಬಿದ್ದಿರುತ್ತಿದ್ದೆ' ಎಂದದ್ದು ಸುಮ್ಮನೆ ಅಲ್ಲ. ಆ ಮನೆಗೆ ಶಹಾಬಾದ್ ಕಲ್ಲಿನ ನೆಲ. ನೀರು ಚಿಮುಕಿಸಿ, ಅಂಗಿ ಬಿಚ್ಚಿ, ಹೊಟ್ಟೆ ಕೆಳಗೆ ಮಾಡಿ ಮಲಗಿದರೆ ವಾಡಿಯ ಬಿಸಿಲು ಬಾಗಿಲ ಹೊರಗೇ ನಿಲ್ಲುತ್ತಿತ್ತು. ಕಿವಿ ಕಲ್ಲಿಗಿಟ್ಟರೆ ದೂರದ ಗೂಡ್ಸ್ ಗಾಡಿಯ ನಡುಕ ಹಲ್ಲಿಗೆ ಬರುತ್ತಿತ್ತು. ಅದೇ ಕಲ್ಲಿನ ಮೇಲೆ ಮೊಳೆಯಿಂದ ಗೀರಿದ ಚೌಕಾಬಾರದ ಮನೆಗಳು. ಬೀಜ ತರುವವಳು ದೊಡ್ಡವ್ವ. ಅವಳು ಅವ್ವನಿಗೂ ಮಾಮಾನಿಗೂ ಅಕ್ಕ, ಚಿಂಚೋಳಿ ಕಡೆಯ ಐನಾಪುರದವಳು. ಅವಳ ಹೊಲದ ಬದುವಿನಲ್ಲಿ ಒಂದು ಹುಣಸೆ ಮರ. ಆಡುವುದಕ್ಕೆ ಹಸಿ ಬೀಜ ಒಂದು ಚೀಲ, ತಿನ್ನುವುದಕ್ಕೆ ಹುರಿದದ್ದು ಇನ್ನೊಂದು ಚೀಲ. ಒಮ್ಮೆ ನಾನು ಸೋಲುವ ಭಯಕ್ಕೆ ಆಟದ ಬೀಜವನ್ನೇ ಬಾಯಿಗೆ ಹಾಕಿಕೊಂಡು, ಕಚ್ಚಿ, ಹಾಲುಹಲ್ಲು ಕಳೆದುಕೊಂಡಿದ್ದೆ. ದೊಡ್ಡವ್ವ ಹಲ್ಲನ್ನೂ ಬೀಜವನ್ನೂ ತೊಳೆದು, ಬೀಜವನ್ನು ಆಟಕ್ಕೆ ವಾಪಸ್ ಇಟ್ಟು, ಹಲ್ಲನ್ನು ನನ್ನ ಕೈಗಿಟ್ಟಳು.

ಆ ಮನೆಯಲ್ಲೇ ನನ್ನ ಮಿಮಿಕ್ರಿ ಹುಟ್ಟಿದ್ದು. ಏಳು ವರ್ಷ ಇರಬೇಕು. ಚಹಾ ಹುಡುಗರಿಗೆ ಸಿಗದ ಕಾಲ. ಬಾಗಿಲ ಹಿಂದೆ ನಿಂತು ಎರಡು ಸಲ ಕೆಮ್ಮಿ, ಮಾಮಾನ ದನಿಯಲ್ಲಿ, "ದಯವಿಟ್ಟು ಗಮನಿಸಿ, ಒಂದು ಕಪ್ ಚಹಾ," ಅಂದೆ. ದೊಡ್ಡವ್ವ ಬಸಿಯ ಸಮೇತ ಚಹಾ ತಂದಳು. ತಮ್ಮನಿರಬೇಕಾದಲ್ಲಿ ನಾನಿದ್ದೆ. ಬೈಯಲಿಲ್ಲ. ಚಹಾ ನನಗೇ ಕೊಟ್ಟಳು. ಕುಡಿದು ಮುಗಿಸಿದ ಮೇಲೆ ಅಂದಳು, "ಧ್ವನಿ ಬರೋಬ್ಬರಿ ಬಂದದ ನಿನಗ. ಆದ್ರ ಅಂವ ಕೆಮ್ಮಿ ಜರಾ ಸುಮ್ನಿರ್ತಾನ. ನೀ ಸುಮ್ನಿರಲಿಲ್ಲ. ಆಗೇ ಗೊತ್ತಾತು ನೀ ಅಂತ."

ಗೊತ್ತಾದರೂ ಚಹಾ ತಂದಿದ್ದಳು ನೋಡಿ. ಆ ಹೆಂಗಸಿನ ಜೊತೆ ಇಸ್ಪೀಟ್ ಆಡಬಾರದು ಎಂದು ಅಂದೇ ನನಗೆ ತಿಳಿಯಬೇಕಿತ್ತು.

ಮೊದಲು ಬಾಯಿ ತೆರೆಯುವ ಕಷ್ಟ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಶಹಾಬಾದಿನಲ್ಲಿ ಒಂದು ಕಾರ್ಯಕ್ರಮ. ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು. ಗೌರವ ಎಂದು ಬೀಗಿದೆ. ವೇದಿಕೆ ಏರಿ ಮೇಕೆ, ಮಿಕ್ಸಿ, ಮುಖ್ಯೋಪಾಧ್ಯಾಯರು ಎಲ್ಲರನ್ನೂ ಅಣಕಿಸಿದೆ. ಎದುರಿಗಿದ್ದವರು ಇನ್ನೂ ಕುರ್ಚಿ ಎಳೆಯುತ್ತಿದ್ದರು, ಒಬ್ಬರು ನನ್ನ ಕಡೆ ಬೆನ್ನು ಮಾಡಿ ಫ್ಯಾನಿನ ದಿಕ್ಕು ತಿರುಗಿಸುತ್ತಿದ್ದರು. ಕೊನೆಗೆ ಬಂದ ಕಲಾವಿದ ಅದೇ ಮೇಕೆ, ಅದೇ ಮಿಕ್ಸಿ ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ಅವನ ಮೇಕೆ ನನ್ನ ಮೇಕೆಗಿಂತ ಬಡಕಲು, ಪ್ರಮಾಣ ಮಾಡಿ ಹೇಳುತ್ತೇನೆ. ಅವನಿಗೆ ಸಿಕ್ಕ ಜಾಗ ಒಳ್ಳೆಯದಿತ್ತು, ಅಷ್ಟೇ. ಎದುರಿಗಿದ್ದವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಆಕಳಿಸುತ್ತಾರೆ ಎಂದು ಮೂರು ಗಂಟೆ ನೋಡಿ ಆಮೇಲೆ ಬಾಯಿ ತೆರೆದಿದ್ದ.

ಇಷ್ಟೆಲ್ಲ ತಿಳಿದಿದ್ದ ನಾನೇ ಮನೆಯವರಿಗೆ ಪೋಕರ್ ಕಲಿಸಿದೆ. ಮೊದಲೆಲ್ಲ ದೀಪಾವಳಿಗೆ ಮೂರೆಲೆಯ ಆಟ ಆಡುತ್ತಿದ್ದೆವು, ಅದೂ ಹುಣಸೆ ಬೀಜ ಇಟ್ಟು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನಾನು ಪಂಡಿತನಾಗಿದ್ದೆ. ಆಟ ಸರಳ. ಒಬ್ಬೊಬ್ಬರ ಕೈಯಲ್ಲಿ ಎರಡೇ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ತೆರೆಯುತ್ತವೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಸಲ ತೆರೆದಾಗಲೂ ಸರದಿಯಂತೆ ಬೀಜ ಹಾಕುವುದು, ಅಥವಾ 'ಮುಂದ' ಎಂದು ಸರದಿ ದಾಟಿಸುವುದು, ಅಥವಾ 'ಪ್ಯಾಕ್' ಎಂದು ಎಲೆ ಬಿಡುವುದು. ಒಂದೇ ಗುರುತಿನ ಐದು ಕೂಡಿದರೆ ಕಲರ್. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಕಲರ್ ದೊಡ್ಡದು.

ಸರದಿ ಪ್ರತಿ ಆಟಕ್ಕೂ ಒಬ್ಬೊಬ್ಬರಂತೆ ಸುತ್ತಬೇಕು ಎಂದು ನಾನು ಹೇಳಿದೆ. ದೊಡ್ಡವ್ವ ಒಪ್ಪಲಿಲ್ಲ.

"ನಮ್ಮನ್ಯಾಗ ಉಣ್ಣಾಕ ಯಾರ ಮೊದಲ ಕುಂದ್ರತಾರ?"

"ಸಣ್ಣವ್ರು."

"ಆಡಾಕೂ ಅವ್ರೇ ಮೊದಲ. ಎಲಿ ಯಾರರ ಹಂಚ್ರಿ, ಬಾಯಿ ಮಾತ್ರ ಸಣ್ಣವನಿಂದ ಸುರು ಆಗ್ಲಿ."

ಕೂಡುತ್ತಿದ್ದವರು ನಾಲ್ವರು. ಎಲ್ಲರಿಗಿಂತ ಸಣ್ಣವನು ನಾನು. ನನ್ನ ನಂತರ ಭಾವ, ಅಂದರೆ ಅಕ್ಕನ ಗಂಡ, ಸೇಡಂನಲ್ಲಿ ಮಾಸ್ತರರು, ಎಲ್ಲ ಮಾತಿನ ಬಾಲಕ್ಕೂ "ಹೌದಿಲ್ಲೋ?" ಕಟ್ಟುವವರು. ಆಮೇಲೆ ಮಾಮಾ. ಕೊನೆಗೆ ದೊಡ್ಡವ್ವ. ಹೀಗೆ ಪ್ರೀತಿಯ ಹೆಸರಿನಲ್ಲಿ ನಾನು ಕೊನೆಗೆ ಹುಟ್ಟಿದ ತಪ್ಪಿಗೆ ಪ್ರತಿ ಆಟದಲ್ಲೂ ಕಣ್ಣು ಕಟ್ಟಿಕೊಂಡು ಮೊದಲು ಮಾತಾಡಬೇಕು, ದೊಡ್ಡವ್ವ ಮೂವರ ಮುಖ ಓದಿ ನಿಧಾನಕ್ಕೆ ಕೊನೆಗೆ ಮಾತಾಡಬೇಕು. ಇಷ್ಟು ಅನ್ಯಾಯದ ಮನೆಯಲ್ಲಿ ಬೆಳೆದೂ ನಾನು ಆತ್ಮವಿಶ್ವಾಸ ಕಳೆದುಕೊಂಡಿಲ್ಲ, ನೀವೇ ನೋಡುತ್ತಿದ್ದೀರಿ.

ಹೋದ ವರ್ಷ ಮಾಮಾನ ನಿವೃತ್ತಿ ಬಂತು. ವಾಡಿಯಲ್ಲೇ ಬೀಳ್ಕೊಡುಗೆ, ಒಂದು ಸಣ್ಣ ಮಂಟಪ. ಅದಕ್ಕೆಂದು ನಾನು ಒಂದು ತಿಂಗಳಿನಿಂದ ಮಾಮಾನ ಐಟಂ ತಯಾರು ಮಾಡಿದ್ದೆ. ಕೆಮ್ಮು, ಸಾರು, ಪ್ಲಾಟ್‌ಫಾರ್ಮು, ಅತ್ತಿ, ಎಲ್ಲವೂ ಇತ್ತು. ನನ್ನ ಜೀವಮಾನದ ಅತ್ಯುತ್ತಮ ಐಟಂ. ಸುದ್ದಿ ತಿಳಿದ ಮಾಮಾ ನನ್ನನ್ನು ಕರೆದು ಕೂರಿಸಿದರು. ಕೆಮ್ಮಲೂ ಇಲ್ಲ.

"ಬ್ಯಾಡಪಾ ಮಲ್ಲ್ಯಾ."

"ಯಾಕ ಮಾಮಾ? ಮಂದಿ ಭಾಳ ನಗ್ತಾರ."

"ಅದಕ್ಕೇ ಬ್ಯಾಡ. ನನ್ನ ಧ್ವನಿ ಕೇಳಿದವ್ರು ಲೆಕ್ಕ ಇಲ್ಲದಷ್ಟು ಮಂದಿ. ನನ್ನ ಮಾರಿ ನೋಡಿದವ್ರು ಎಷ್ಟು? ಅವತ್ತ ಒಂದಿನ ಮಾರಿ ತೋರಿಸಿ ಮಾತಾಡ್ತೀನಿ. ನೀ ಮೊದಲ ಹೋಗಿ ನನ್ನಂಗ ಕೆಮ್ಮಿದಿ ಅಂದ್ರ, ನಾ ಖರೆ ಕೆಮ್ಮಿದಾಗ ಮಂದಿ ನಗ್ತಾರ. ನನ್ನ ಧ್ವನಿಗೆ ನಾನೇ ನಕಲಿ ಆಗ್ತೀನಿ."

"ಒಂದ್ ತಿಂಗಳಿಂದ ತಯಾರಿ ಮಾಡ್ಲಿಕತ್ತೀನಿ ಮಾಮಾ!"

"ನಾ ಮೂವತ್ತ ವರ್ಷದಿಂದ ಮಾಡ್ಲಿಕತ್ತೀನಿ."

"ಇಬ್ರದೂ ಖರೆ ಅದ, ಹೌದಿಲ್ಲೋ?" ಅಂದರು ಭಾವ. ಅವರು ಯಾವ ಜಗಳದಲ್ಲೂ ಎರಡೂ ಕಡೆಯವರನ್ನು ಪಾಸು ಮಾಡುತ್ತಾರೆ.

ಎರಡು ದಿನ ಮನೆಯಲ್ಲಿ ಇದೇ ಗದ್ದಲ. ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ನಾಲ್ವರೂ ಕಲ್ಲಿನ ನೆಲದ ಮೇಲೆ ಎಲೆ ಹರಡಿಕೊಂಡು ಕೂತಿದ್ದೆವು. ದೊಡ್ಡವ್ವನಿಗೆ ಸಾಕಾಗಿತ್ತು.

"ಇವತ್ತ ಎಲ್ಲಾ ಬೀಜ ಯಾರ ಮುಂದ ಕೂಡ್ತಾವೋ ಅವ್ರ ಮಾತು ನಡೀಲಿ. ಮಲ್ಲ್ಯಾ ಗೆದ್ದರ ಅಣಕಿಸ್ಲಿ. ತಮ್ಮ ಗೆದ್ದರ ಇಂವ ಬಾಯಿ ಮುಚ್ಚಿಕೊಂಡು ಕುಂದ್ರಲಿ."

"ನೀ ಗೆದ್ದರ?" ಅಂದೆ ನಗುತ್ತ.

"ಗೆದ್ದಾಗ ಹೇಳ್ತೀನಿ," ಅಂದಳು ಅವಳು, ನಗದೆ.

ಬಹಳ ಹೊತ್ತು ಆಡಿದೆವು. ದೊಡ್ಡವ್ವನ ರಾಶಿ ಸ್ವಲ್ಪ ದೊಡ್ಡದು, ಉಳಿದ ಮೂವರದು ಹೆಚ್ಚುಕಡಿಮೆ ಸಮ. ಆಗ ಬಂತು ಆ ಆಟ. ನನ್ನ ಕೈಯಲ್ಲಿ ಬದಾಮ್ ಎಕ್ಕ, ಬದಾಮ್ ರಾಣಿ. ನಡುವೆ ತೆರೆದ ಮೂರು ಎಲೆಯಲ್ಲಿ ಬದಾಮ್ ರಾಜ, ಬದಾಮ್ ಏಳು, ಒಂದು ಕಪ್ಪು ನಾಲ್ಕು. ನಾಲ್ಕು ಬದಾಮ್ ನನ್ನವು! ಇನ್ನೊಂದು ಬಿದ್ದರೆ ಕಲರ್, ಅದೂ ಎಕ್ಕದ ಕಲರ್, ಅದಕ್ಕಿಂತ ದೊಡ್ಡ ಕಲರ್ ಇಲ್ಲ. ತೆರೆಯಲು ಎರಡು ಎಲೆ ಬಾಕಿ. ಮನಸ್ಸಿನಲ್ಲೇ ಎಣಿಸಿದೆ. ಹದಿಮೂರು ಬದಾಮ್, ನಾಲ್ಕು ಕಂಡಿವೆ, ಒಂಬತ್ತು ಉಳಿದಿವೆ.

ವಿಡಿಯೋದ ಗುರುಗಳು ಹೇಳಿದ್ದು ನನಗೆ ಬಾಯಿಪಾಠ. ಇಂಥ ಎಲೆ ಬಂದಾಗ ಜೋರು ಮಾಡಬೇಕು. ಎದುರಿನವನು ಹೆದರಿ ಎಲೆ ಬಿಟ್ಟರೆ ಆಗಲೇ ಗೆಲುವು, ಬಿಡದಿದ್ದರೆ ಐದನೆಯದು ಬಿದ್ದಾಗ ಗೆಲುವು. ಗುರುಗಳ ಎದುರು ಕೂತಿದ್ದವನು ಒಬ್ಬನೇ ಎಂಬುದನ್ನು ನಾನು ಗಮನಿಸಿರಲಿಲ್ಲ. ಒಬ್ಬನನ್ನು ಹೆದರಿಸಬಹುದು. ಮೂವರಲ್ಲಿ ಒಬ್ಬರ ಕೈಗಾದರೂ ಏನಾದರೂ ಸಿಕ್ಕೇ ಇರುತ್ತದೆ. ಮೇಲಾಗಿ ನಮ್ಮ ಮನೆಯವರು ಬಸ್ಸಿನ ಸೀಟನ್ನು ಬೇಕಾದರೆ ಬಿಟ್ಟಾರು, ಹಿಡಿದ ಎಲೆ ಬಿಡುವವರಲ್ಲ. ಮೊದಲ ಸರದಿಯವನಿಗೆ ಆಗ ಇದ್ದ ಮರ್ಯಾದೆಯ ದಾರಿ ಒಂದೇ. 'ಮುಂದ' ಎಂದು ತೆಪ್ಪಗೆ ಕೂತು, ಉಳಿದವರು ಏನು ಹಾಕುತ್ತಾರೆ ನೋಡಿ, ಅಗ್ಗದಲ್ಲಿ ಇನ್ನೊಂದು ಎಲೆ ನೋಡುವುದು.

ನಾನು ಮೀಸೆ ತಿರುವಿ, "ಎಲ್ಲಾ!" ಅಂದೆ. ರಾಶಿಯನ್ನೇ ತಳ್ಳಿದೆ.

ಭಾವ ತಮ್ಮ ಎಲೆ ನೋಡಿದರು, ನನ್ನ ನೋಡಿದರು. "ಹೊಡ್ದೇ ಬಿಟ್ಟಿ, ಹೌದಿಲ್ಲೋ?" ಎನ್ನುತ್ತ ತಮ್ಮ ರಾಶಿ ತಳ್ಳಿದರು. ಮಾಮಾ ಎರಡು ಸಲ ಕೆಮ್ಮಿದರು. ಒಂದು ಉಸಿರು ಸುಮ್ಮನಿದ್ದರು. "ದಯವಿಟ್ಟು ಗಮನಿಸಿ, ನಂದೂ ಎಲ್ಲಾ." ಆಮೇಲೆ ಎಲ್ಲರೂ ದೊಡ್ಡವ್ವನ ಕಡೆ ನೋಡಿದೆವು. ಅವಳು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿದಳು. ಮಾಮಾನ ಮೇಲೆ ಕಣ್ಣು ಜರಾ ಹೆಚ್ಚು ಹೊತ್ತು ನಿಂತಿತು. ಆಮೇಲೆ ಸೆರಗು ಸರಿ ಮಾಡಿಕೊಂಡು ನಮ್ಮಷ್ಟೇ ಬೀಜ ಎರಡೂ ಕೈಯಿಂದ ಸರಿಸಿದಳು.

ನಾಲ್ಕನೆಯ ಎಲೆ, ಕಪ್ಪು ಎರಡು. ಐದನೆಯದು, ಕಪ್ಪು ಗುಲಾಮ.

ಬದಾಮ್ ಬೀಳಲಿಲ್ಲ. ಹೊರಗೆ ಒಂದು ಗೂಡ್ಸ್ ಗಾಡಿ ಹೊರಟಿತು, ಕಲ್ಲು ನಡುಗಿತು, ನನಗೆ ಹಾಲುಹಲ್ಲಿನ ನೆನಪಾಯಿತು.

ಭಾವ ಒಂದು ರಾಜನನ್ನು ತೋರಿಸಿದರು, ರಾಜನ ಜೋಡಿ. ಮಾಮಾ ತಮ್ಮ ಎರಡೂ ಎಲೆ ಮಗುಚಿದರು. ಬದಾಮ್ ಹತ್ತು, ಬದಾಮ್ ಎಂಟು. ಅವರೂ ನನ್ನ ಹಾಗೆಯೇ ಐದನೆಯ ಬದಾಮ್‌ಗೆ ಕಾದು ಕೂತಿದ್ದವರು. ದೊಡ್ಡವ್ವ ಕೊನೆಗೆ ತೆರೆದಳು. ಒಂದು ಏಳು, ಒಂದು ನಾಲ್ಕು. ನಡುವಿನ ಏಳು ನಾಲ್ಕು ಕೂಡಿ ಎರಡು ಜೋಡಿ. ಅಷ್ಟು ಬಡ ಎಲೆಗೆ ಅಷ್ಟು ದೊಡ್ಡ ರಾಶಿ ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಈಗ ಹೇಳ್ತೀನಿ," ಅಂದಳು ದೊಡ್ಡವ್ವ, ಬೀಜ ಚೀಲಕ್ಕೆ ತುಂಬುತ್ತ. "ಮಲ್ಲ್ಯಾ ಅಣಕಿಸ್ಲಿ."

ನಾನು ಜಿಗಿದೆ. ಮಾಮಾನ ಮುಖ ಇಳಿಯಿತು. "ಅಕ್ಕಾ..." ಅಂದರು.

"ಪೂರಾ ಕೇಳು. ಅವತ್ತ ನಮ್ಮ ಕಾಯಿದೆ ಉಲ್ಟಾ. ದೊಡ್ಡಾಂವ ಮೊದಲ ಮಾತಾಡ್ಲಿ. ಸಣ್ಣಾಂವ ಎಲ್ಲಾರ್ದೂ ಕೇಳಿ ಕಡೀಕ ಏಳ್ಲಿ. ಏಳಬೇಕೋ ಬ್ಯಾಡೋ ಆಗ ಅವನಿಗೇ ತಿಳೀತದ."

ಸೋತೂ ಗೆದ್ದೆ ಎಂದುಕೊಂಡೆ. ಆದರೂ ಸೋತ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಮೋಸ ಮಾಡಿದ ಆ ಎಕ್ಕವನ್ನು ಜೇಬಿಗೆ ಹಾಕಿಕೊಂಡು ಎದ್ದು ಬಂದೆ, ಆಮೇಲೆ ಎಲ್ಲಿಟ್ಟೆನೋ ಮರೆತೆ. ಅಂದಿನಿಂದ ನಮ್ಮ ಮನೆಯ ಕಟ್ಟಿನಲ್ಲಿ ಐವತ್ತೊಂದೇ ಎಲೆ. ಮದುವೆ ಕಾರ್ಡಿನ ತುಂಡಿಗೆ ಅಕ್ಕ ಕೆಂಪು ಪೆನ್ನಿನಿಂದ ಹೃದಯ ಬರೆದುಕೊಟ್ಟಿದ್ದಾಳೆ. ಅದು ಹೃದಯಕ್ಕಿಂತ ಬದನೆಕಾಯಿಯನ್ನೇ ಹೆಚ್ಚು ಹೋಲುತ್ತದೆ.

ಬೀಳ್ಕೊಡುಗೆಯ ದಿನ ಮಂಟಪ ತುಂಬಿತ್ತು. ಸ್ಟೇಷನ್ನಿನ ಹಮಾಲರು, ಚಹಾದವರು, ದಿನಾ ಓಡಾಡುವ ಮಾಸ್ತರರು. ಹಾರ ತುರಾಯಿ ಮುಗಿದ ಮೇಲೆ ಮಾಮಾ ಎದ್ದರು. ಕೈಯಲ್ಲಿದ್ದ ಚೀಟಿ ನೋಡಿದರು, ಮಡಚಿದರು. ಎರಡು ಸಲ ಗಂಟಲು ಸರಿ ಮಾಡಿಕೊಂಡರು. ಸುಮ್ಮನೆ ನಿಂತರು. ಆ ಮೌನ ಒಂದು ಉಸಿರಿಗೆ ಮುಗಿಯಲಿಲ್ಲ. ಎರಡಾಯಿತು, ನಾಲ್ಕಾಯಿತು. ಮಂಟಪವೆಲ್ಲ ಗಾಡಿ ಕಾಯುವ ಹಾಗೆ ಅವರ ಬಾಯನ್ನೇ ನೋಡುತ್ತಿತ್ತು.

"ದಯವಿಟ್ಟು ಗಮನಿಸಿ," ಅಂದರು. "ನಾ ಹೇಳಿದ್ದು ಕೇಳಿ ನೀವೆಲ್ಲಾರೂ ನಿಮ್ಮ ನಿಮ್ಮ ಗಾಡಿ ಹತ್ತೀರಿ ಅಂತ ತಿಳ್ಕೊಂಡೀನಿ. ಅಷ್ಟ ಸಾಕು ನನಗ."

ಕೂತರು. ಒಬ್ಬ ಹಮಾಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಜೀವನದಲ್ಲಿ ಮೊದಲ ಸಲ ನನಗೆ ಎಲ್ಲರ ಕೈಯ ಎಲೆ ಕಾಣುತ್ತಿದ್ದವು. ಮೈಕಿನ ಮುಂದೆ ನಿಂತು ಮಾಮಾನ ಹಾಗೆ ಎರಡು ಸಲ ಕೆಮ್ಮಿದೆ. ಒಂದು ಉಸಿರು ಸುಮ್ಮನಿದ್ದೆ. ಆ ಸುಮ್ಮನಿರುವುದು ನನಗೆ ಆವರೆಗೆ ಬಂದಿರಲಿಲ್ಲ, ಅಂದು ಬಂತು. ಮಾಮಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದರು. ಅವರ ಕಡೆ ನೋಡಿ, ನನ್ನ ಸ್ವಂತ ದನಿಯಲ್ಲಿ, "ಪ್ಯಾಕ್!" ಅಂದೆ.

ಆಮೇಲೆ ನಾನು ನನ್ನನ್ನೇ ಅಣಕಿಸಿದೆ. ನಾಲ್ಕು ಬದಾಮ್, ಇಲ್ಲದ ಮೀಸೆ, ತಳ್ಳಿದ ರಾಶಿ, ಕಪ್ಪು ಗುಲಾಮನನ್ನು ಕಂಡಾಗಿನ ನನ್ನ ಮೇಕೆಯಂಥ ಮುಖ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಮಾ. ನಗುತ್ತ ನಗುತ್ತ ಖರೆ ಕೆಮ್ಮು ಬಂತು, ಅದಕ್ಕೆ ಯಾರೂ ನಗಲಿಲ್ಲ, ನೀರು ಕೊಟ್ಟರು.

ಇಷ್ಟಾದರೂ ಒಂದು ಹಟ ನನ್ನಲ್ಲಿ ಉಳಿದಿತ್ತು. ಮಂಟಪದಲ್ಲಿ ನನ್ನನ್ನೇ ಅಣಕಿಸಿದ್ದು ಕಲೆಗಾಗಿ. ಲೆಕ್ಕದಲ್ಲಿ ನಾನು ಸರಿಯೇ ಇದ್ದೆ ಎಂದು ವರ್ಷವಿಡೀ ಸಿಕ್ಕಸಿಕ್ಕವರಿಗೆ ವಾದಿಸಿದ್ದೇನೆ, ಗಿರಾಕಿಗಳನ್ನೂ ಬಿಟ್ಟಿಲ್ಲ. ಮೊನ್ನೆ ಎಕ್ಕ ಸಿಕ್ಕ ಮೇಲೆ ಅಂಗಡಿಗೆ ಬೀಗ ಹಾಕಿ, ಕಾಳಗಿ ಮೇಲೆ ಹಾದು ಐನಾಪುರಕ್ಕೆ ಸ್ಕೂಟರ್ ಬಿಟ್ಟೆ. ದೊಡ್ಡವ್ವ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಎಕ್ಕವನ್ನು ಅವಳ ಮುಂದಿಟ್ಟೆ.

"ಬಂದ್ಯಾ? ಕುಂದ್ರು. ಚಹಾ ಕುಡೀತಿ?" ಅಂದಳು, ಒಂದು ವರ್ಷ ಕಾಣೆಯಾಗಿದ್ದ ಎಲೆಯನ್ನು ಬೀಜದ ಬುಟ್ಟಿಗೆ ಹಾಕುತ್ತ.

"ಚಹಾ ಆಮ್ಯಾಲ. ಮೊದಲ ಇದು ಒಪ್ಕೋ ದೊಡ್ಡವ್ವಾ. ಆಟ ನಂದು ಖರೆ ಇತ್ತು, ನಸೀಬ ಅಷ್ಟ ಖೊಟ್ಟಿ. ಒಂಬತ್ತು ಬದಾಮ್ ಇನ್ನಾ ಉಳಿದಿದ್ವು. ಒಂಬತ್ತು! ಅದರಾಗ ಒಂದರ ಬೀಳ್ಬೇಕಿತ್ತೋ ಇಲ್ಲೋ?"

ದೊಡ್ಡವ್ವ ಒಂದು ಹಣ್ಣು ಸೀಳಿ, ಬೀಜ ತೆಗೆದು, ಬುಟ್ಟಿಗೆ ಹಾಕಿ ಅಂದಳು:

"ಎರಡು ನಿಮ್ಮ ಮಾಮಾನ ಕೈಯಾಗ ಕುಂತಿದ್ವಲ್ಲೋ. ಕಟ್ಟಿನಾಗಿನ ಎಲಿ ಎಣಿಸ್ದಿ, ಎದುರಿಗೆ ಕುಂತ ಮಂದೀನ ಎಣಿಸ್ಲಿಲ್ಲ."